ಗೋಪಾಲಪ್ಪನ ಕಂಪ್ಯೂಟರಿಗೆ ನಾನು ಹೊಲಿದ ಗವಸು

ಸೂಲಿಬೆಲೆಯಲ್ಲಿ ಬಿಗಿಯಾಗಿ ಹೊಲಿಯುವವರು ಯಾರು ಎಂದು ಕೇಳಿದರೆ ಹೊಸಕೋಟೆ ಬಸ್ಸಿನ ಕಂಡಕ್ಟರು ಕೂಡ ನನ್ನ ಅಂಗಡಿಯ ಕಡೆಗೇ ಕೈ ತೋರಿಸುತ್ತಾನೆ. ಪಾಪಯ್ಯ ಟೈಲರ್ ಎಂದರೆ ಫಿಟ್ಟಿಂಗು. ನಾನು ಹೊಲಿದ ಪ್ಯಾಂಟು ಹಾಕಿಕೊಂಡವರು ಕೂರುವ ಮೊದಲು ಸ್ವಲ್ಪ ಯೋಚನೆ ಮಾಡುತ್ತಾರೆ ಎಂಬುದು ನಿಜ. ಆದರೆ ಸಡಿಲವಾಯಿತು ಎಂದು ವಾಪಸು ತಂದವರು ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆಯ ಮೊದಲ ಭಾಗ ಎಂದು ಹೇಳುತ್ತಿದ್ದೇನೆ. ತೊಂಬತ್ತಾರನೇ ಇಸವಿಯ ಆ ಶುಕ್ರವಾರ ಗೋಪಾಲಪ್ಪನ ಕಂಪ್ಯೂಟರಿಗೆ ಏನಾಯಿತು ಎಂದು ಊರಿನಲ್ಲಿ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಜ ಗೊತ್ತಿರುವುದು ಮೂರೇ ಜನಕ್ಕೆ, ಅದರಲ್ಲಿ ನಾನೊಬ್ಬ.

ಗೋಪಾಲಪ್ಪ ನನ್ನ ಪಕ್ಕದ ಮನೆಯವನು. ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಹದಿನೈದು ವರ್ಷ ಸ್ಟೋರ್ ಕೀಪರ್ ಆಗಿದ್ದ. ಕಾರ್ಖಾನೆ ಬಾಗಿಲು ಹಾಕಿತು. ಮದುವೆ ಮಕ್ಕಳು ಇಲ್ಲದ ಮನುಷ್ಯ, ಟ್ರಂಕು ಹಿಡಿದುಕೊಂಡು ಸೂಲಿಬೆಲೆಯ ಅಕ್ಕನ ಮನೆಗೆ ಬಂದ. ಅಕ್ಕ ಅಮ್ಮಯಮ್ಮ ಗಂಡ ಇಲ್ಲದ ಹೆಂಗಸು, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಒಬ್ಬಳೇ ಮಗಳು ದಿವ್ಯಳನ್ನು ಓದಿಸಿದವಳು. ತಮ್ಮನಿಗೆ ಬೀದಿ ಕಡೆಯ ಕೋಣೆ ಬಿಟ್ಟುಕೊಟ್ಟಳು. ಅವನು ಒಂದು ತಿಂಗಳು ಆ ಕೋಣೆಯಲ್ಲಿ ಕೂತು ಗೋಡೆ ನೋಡಿದ, ಆಮೇಲೆ ಒಂದು ದಿನ ಬೆಂಗಳೂರಿಗೆ ಹೋಗಿ ಯಾವುದೋ ಆಫೀಸಿನವರು ಮಾರುತ್ತಿದ್ದ ಹಳೆಯ ಕಂಪ್ಯೂಟರು ಕೊಂಡು ತಂದ. ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೆಟ್ ತೆಗೆಸಿ, ಕಂಬಳಿ ಹೊದಿಸಿ, ಕಿಟಕಿ ಪಕ್ಕ ಕೂರಿಸಿದ್ದ. ತಾನು ಹೊಸಕೋಟೆಯವರೆಗೂ ನಿಂತುಕೊಂಡೇ ಬಂದ.

ಮಾರನೆಯ ವಾರ ಬೋರ್ಡು ಬಂತು. 'ಶ್ರೀ ನಂದೀಶ್ವರ ಕಂಪ್ಯೂಟರ್ ಜಾತಕ ಕೇಂದ್ರ. ಇಲ್ಲಿ ತಪ್ಪಾಗುವುದಿಲ್ಲ.' ಕೆಳಗೆ ಸಣ್ಣ ಅಕ್ಷರದಲ್ಲಿ, 'ಚಪ್ಪಲಿ ಹೊರಗೆ ಬಿಡಿ.'

ಕಂಪ್ಯೂಟರ್ ವಿದ್ಯೆ ಅವನಿಗೆ ಎಷ್ಟು ಬರುತ್ತಿತ್ತು ಎಂದು ಕೇಳಿದರೆ, ಒಂದು ಮದುವೆ ಕಾಗದದ ಹಿಂಬದಿಯಷ್ಟು. ಮಾರಿದವನು ಮೂರು ದಿನ ಹೇಳಿಕೊಟ್ಟಿದ್ದನ್ನು ಇವನು ಒಂದು ಲಗ್ನಪತ್ರಿಕೆಯ ಬೆನ್ನಿಗೆ ಬರೆದುಕೊಂಡಿದ್ದ. ಯಾವ ಗುಂಡಿ ಆದ ಮೇಲೆ ಯಾವ ಗುಂಡಿ, ಎಲ್ಲಿ ಹುಡುಗನ ತಾರೀಕು, ಎಲ್ಲಿ ಹುಡುಗಿಯದು, ಎಲ್ಲಿ ದೊಡ್ಡ ಗುಂಡಿ ಒತ್ತಿ ಕೈ ಕಟ್ಟಿಕೊಂಡು ಕೂರುವುದು. ಅದಷ್ಟನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ. ಪ್ರಿಂಟರು ಇರಲಿಲ್ಲ. ತೆರೆಯ ಮೇಲೆ ಬಂದದ್ದನ್ನು ತಾನೇ ಗುಂಡಗಿನ ಅಕ್ಷರದಲ್ಲಿ ಹಾಳೆಗೆ ಇಳಿಸಿ, ಕೆಳಗೆ 'ಕಂಪ್ಯೂಟರ್ ಬರೆದದ್ದು' ಎಂದು ಸಹಿ ಮಾಡಿ ಕೊಡುತ್ತಿದ್ದ.

"ಪಾಪಣ್ಣ, ನಾನು ಕಣ್ಣು ಮುಚ್ಕೊಂಡು ಹೊಡೀತೀನಿ ಗೊತ್ತಾ?" ಎಂದು ನನಗೆ ದಿನಕ್ಕೆ ಎರಡು ಸಲ ಹೇಳುತ್ತಿದ್ದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ಸಮಯಕ್ಕೇ ದಿವ್ಯಳಿಗೆ ಸಂಬಂಧ ಬಂತು. ದೇವನಹಳ್ಳಿ ಕಡೆಯ ಹುಡುಗ ನವೀನ್‌ಕುಮಾರ್, ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಹೆಣ್ಣು ನೋಡಲು ಬಂದವನು ಹೆಣ್ಣಿಗಿಂತ ಮೊದಲು ಹಿತ್ತಲಲ್ಲಿ ಕುಂಟುತ್ತಿದ್ದ ಹಸುವನ್ನು ನೋಡಿದ. ಬಿಳೀ ಪ್ಯಾಂಟು ಮಡಿಸಿಕೊಂಡು ಸಗಣಿಯಲ್ಲಿ ಕೂತು, ಗೊರಸಿನಲ್ಲಿ ನೆಟ್ಟಿದ್ದ ಮುಳ್ಳು ಕಿತ್ತು, ಕೈ ತೊಳೆದುಕೊಂಡು ಬಂದು ಉಪ್ಪಿಟ್ಟು ತಿಂದ. ಅದಕ್ಕೆ ಮೊದಲು ಮೂರು ಗಂಡುಗಳನ್ನು ಬೇಡ ಎಂದಿದ್ದ ದಿವ್ಯ ಆ ಸಂಜೆ ಮಾಮನ ಹತ್ತಿರ ಬಂದು, "ಮಾಮ, ಇದು ಆಗ್ಲಿ ಮಾಮ" ಎಂದಳು. ಅವಳನ್ನು ಎತ್ತಿ ಆಡಿಸಿದವನು ನಾನೂ ಹೌದು, ಆ ಹುಡುಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ನನಗೆ ಗೊತ್ತಿದ್ದ ಹಾಗೆ ಅದೇ ಮೊದಲು.

ಹುಡುಗನ ಮನೆಯಲ್ಲಿ ಎಲ್ಲರೂ ಒಪ್ಪಿದರು. ಆದರೆ ಆ ಮನೆಯಲ್ಲಿ ಎಲ್ಲರೂ ಎಂದರೆ ಲೆಕ್ಕಕ್ಕಿಲ್ಲ, ಅಜ್ಜಿ ಮುನಿವೆಂಕಟಮ್ಮ ಎಂದರೆ ಲೆಕ್ಕ. ಜಾತಕ ಕೂಡಬೇಕು ಎಂದಳು ಅಜ್ಜಿ. ನಮ್ಮ ಜೋಯಿಸರ ಹತ್ತಿರ ತೋರಿಸೋಣ ಎಂದರು ಹುಡುಗನ ತಂದೆ ಮುನಿಶಾಮಪ್ಪ. ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಆದರೆ ನಮ್ಮ ಗೋಪಾಲಪ್ಪ ಎದ್ದು ನಿಂತ.

"ಜೋಯಿಸ್ರು ಮನುಷ್ಯರು ಸ್ವಾಮಿ, ಒಂದೊಂದ್ಸಲ ತಪ್ತಾರೆ. ನಮ್ದು ಮಿಷನ್ನು. ಅದು ಹೇಳಿದ್ಮೇಲೆ ಎರಡನೇ ಮಾತಿಲ್ಲ. ಶುಕ್ರವಾರ ಬನ್ನಿ, ರಾಹುಕಾಲದೊಳಗೆ ಕೈಗೆ ಕೊಡ್ತೀನಿ."

ಗುರುವಾರ ಅವನು ನನ್ನ ಅಂಗಡಿಗೆ ಬಂದ. ದೊಡ್ಡ ಜನ ಬರ್ತಾರೆ, ಕಂಪ್ಯೂಟರಿನ ಮೇಲೆ ಹಳೇ ಟವೆಲ್ಲು ಹಾಕಿದ್ರೆ ಮರ್ಯಾದೆಯಾ ಎಂದ. ಮಿಕ್ಸಿಗೆ, ಟೀವಿಗೆ, ಹೊಲಿಗೆ ಮಿಷನ್ನಿಗೆ ನಾನು ಗವಸು ಹೊಲಿದಿದ್ದೆ, ಕಂಪ್ಯೂಟರಿಗೆ ಅದೇ ಮೊದಲು. ಸ್ಕೂಲಿನ ಸ್ಟೇಜಿನ ಪರದೆಗೆ ತಂದು ಉಳಿದಿದ್ದ ಮೆರೂನ್ ವೆಲ್ವೆಟ್ಟು ತೆಗೆದೆ. ಅಂಚಿಗೆ ಜರಿ, ಕೆಳಗೆ ಸುತ್ತಲೂ ಎರಡು ಸಾಲು ಎಲಾಸ್ಟಿಕ್ಕು. ಟೀವಿಯಂಥ ಆ ತಲೆಗೆ ಅದನ್ನು ತೊಡಿಸಲು ನಾವಿಬ್ಬರೂ ಬೇಕಾಯಿತು. ತೊಡಿಸಿದ ಮೇಲೆ ಒಂದು ಸುಕ್ಕಿಲ್ಲ. ಅದರ ಮೇಲೆ ಬಡಿದರೆ ತಮಟೆಯ ಸದ್ದು ಬರುತ್ತಿತ್ತು.

ಶುಕ್ರವಾರ ಒಂಬತ್ತು ಗಂಟೆಗೆ ಅವರ ವ್ಯಾನು ಬಂತು. ಅಜ್ಜಿ ಇಳಿದ ತಕ್ಷಣ ಹೇಳಿಬಿಟ್ಟಳು, "ಹತ್ತೂವರೆಗೆ ರಾಹುಕಾಲ ಕಣಪ್ಪಾ. ಅಷ್ಟರೊಳಗೆ ಕೂಡಿದ್ರೆ ಇಲ್ಲೇ ತಾಂಬೂಲ. ಇಲ್ದಿದ್ರೆ ಹೊಸಕೋಟೇಲಿ ಇನ್ನೊಂದು ಹೆಣ್ಣು ನೋಡೋದೈತೆ." ನವೀನ್‌ಕುಮಾರ್ ವ್ಯಾನಿನ ಹಿಂದೆ ನಿಂತು ನೆಲ ನೋಡಿದ. ಒಳಬಾಗಿಲ ಹತ್ತಿರ ದಿವ್ಯ ಸೆರಗು ಬೆರಳಿಗೆ ಸುತ್ತಿಕೊಂಡಳು.

ಚಪ್ಪಲಿಗಳೆಲ್ಲ ಬೀದಿಯಲ್ಲಿ ಸಾಲಾಗಿ ಕೂತವು. ಊರಿನವರು ಕಿಟಕಿಯಲ್ಲಿ ತುಂಬಿದರು. ಗೋಪಾಲಪ್ಪ ಕಂಪ್ಯೂಟರಿಗೆ ಕೈಮುಗಿದು, ಪರದೆ ಸರಿಸುವವರ ಠೀವಿಯಲ್ಲಿ ಗವಸು ಹಿಡಿದು ಎಳೆದ. ಬರಲಿಲ್ಲ. ಕಾಲು ಗೋಡೆಗೆ ಕೊಟ್ಟು ಎಳೆದ. ಬಂತು, ಅವನೂ ಎರಡು ಹೆಜ್ಜೆ ಹಿಂದಕ್ಕೆ ಬಂದ. "ನೋಡಿ ಫಿಟ್ಟಿಂಗು!" ಎಂದೆ ನಾನು, ಸುತ್ತ ನಿಂತವರಿಗೆ.

ಸ್ವಿಚ್ಚು ಹಾಕಿದ. ಕೆಳಗಿನ ಪೆಟ್ಟಿಗೆ ಗುಂಯ್ ಎಂದಿತು, ಹಸಿರು ದೀಪ ಹತ್ತಿತು, ಒಳಗೆ ಏನೋ ಕಟಕಟ ಎಂದು ಜೋಳ ಹುರಿಯಿತು. ತಲೆಯ ಮೂಲೆಯಲ್ಲೂ ಹಸಿರು ದೀಪ ಹತ್ತಿತು. ತೆರೆ ಮಾತ್ರ ಕಪ್ಪಗಿತ್ತು. ನಾವು ಕಾದೆವು. ಕಪ್ಪಗೇ ಇತ್ತು. ಅದರಲ್ಲಿ ನಮ್ಮೆಲ್ಲರ ಮುಖ ಚೆನ್ನಾಗಿ ಕಾಣಿಸುತ್ತಿತ್ತು, ಮಧ್ಯದಲ್ಲಿ ಅಜ್ಜಿಯದು.

"ಬಿಸಿಯಾಗ್ಬೇಕು" ಎಂದ ಗೋಪಾಲಪ್ಪ, ಸ್ವಲ್ಪವೂ ಅಳುಕಿಲ್ಲದೆ.

ಹತ್ತು ನಿಮಿಷ ಬಿಸಿಯಾಯಿತು. ಗೋಪಾಲಪ್ಪನೂ ಆದ, ಕತ್ತಿನಿಂದ ಬೆವರು ಇಳಿಯಿತು.

"ಕೆಟ್ಟೋಗೈತಾ?" ಎಂದಳು ಅಜ್ಜಿ.

"ಛೇ ಛೇ, ಎಲ್ಲಾದ್ರೂ ಉಂಟಾ ಅಜ್ಜಿ! ಕಂಪ್ಯೂಟರ್ ಕೆಡೋದೇ ಇಲ್ಲ. ಅದು ಈಗ ಯೋಚ್ನೆ ಮಾಡ್ತೈತೆ."

"ಏನ್ ಕೇಳಿದೀಯಾ ಅಂತ ಯೋಚ್ನೆ ಮಾಡ್ತೈತೆ? ನೀನಿನ್ನೂ ಏನೂ ಕೇಳೇ ಇಲ್ವಲ್ಲಪ್ಪಾ."

ಇದಕ್ಕೆ ಉತ್ತರ ಲಗ್ನಪತ್ರಿಕೆಯ ಬೆನ್ನಿನಲ್ಲಿ ಇರಲಿಲ್ಲ. ಅಷ್ಟರಲ್ಲಿ ಯಾರೋ ಓಡಿಹೋಗಿ ರೇಡಿಯೋ ಟೀವಿ ರಿಪೇರಿಯ ಪಿಳ್ಳಣ್ಣನನ್ನು ಕರೆತಂದರು. ಪಿಳ್ಳಣ್ಣ ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ ಬಂದ. ಕಂಪ್ಯೂಟರನ್ನು ಅವನು ಹತ್ತಿರದಿಂದ ನೋಡಿದ್ದು ಆಗಲೇ, ಆದರೆ ಅದು ಅವನ ಮುಖದಲ್ಲಿ ಕಾಣಿಸಲಿಲ್ಲ. ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಸೀದಾ ಪ್ರಶ್ನೆಗೆ ಬಂದ.

"ಗೋಪಾಲಣ್ಣ, ಆಂಟೆನಾ ಎಲ್ಲಿ?"

"ಇದಕ್ಕೆ ಆಂಟೆನಾ ಇರಲ್ಲ ಕಣೋ."

"ಅದಕ್ಕೇ ಮತ್ತೆ!" ಎಂದು ಪಿಳ್ಳಣ್ಣ ಜನರ ಕಡೆ ತಿರುಗಿದ. "ಆಂಟೆನಾ ಇಲ್ದೆ ಚಿತ್ರ ಬಾ ಅಂದ್ರೆ ಎಲ್ಲಿಂದ ಬರ್ಬೇಕು ಗುರು?"

ಅಮ್ಮಯಮ್ಮನ ಟೀವಿಯ ಆಂಟೆನಾ ತಂತಿ ಕಿಟಕಿಯಿಂದ ಒಳಗೆ ಬಂತು. ಅದನ್ನು ಎಲ್ಲಿ ಸಿಕ್ಕಿಸುವುದು ಎಂದು ಗೊತ್ತಾಗದೆ ಪಿಳ್ಳಣ್ಣ ಅದನ್ನು ಕಂಪ್ಯೂಟರಿನ ನೆತ್ತಿಗೆ ಮುಟ್ಟಿಸಿ ಹಿಡಿದುಕೊಂಡು ನಿಂತ. ಮುನಿಶಾಮಪ್ಪನವರು, ಬೀಗರಾಗಬೇಕಾದ ದೊಡ್ಡ ಮನುಷ್ಯರು, ಪಂಚೆ ಎತ್ತಿ ಕಟ್ಟಿಕೊಂಡು ಮಾಳಿಗೆ ಹತ್ತಿದರು.

"ಬಂತಾ?"

"ಇಲ್ಲ! ಇನ್ನೊಂಚೂರು ನಂದಿ ಬೆಟ್ಟದ ಕಡೆ ತಿರುಗ್ಸಿ!"

"ಈಗ ಬಂತಾ?"

"ಇಲ್ಲ! ಹೊಸಕೋಟೆ ಕಡೆ!"

ಹೊಸಕೋಟೆ ಎಂಬ ಹೆಸರು ಕೇಳಿ ಒಳಬಾಗಿಲಲ್ಲಿ ದಿವ್ಯಳ ಮುಖ ಬಾಡಿತು. ಆಂಟೆನಾ ನಾಲ್ಕು ದಿಕ್ಕಿಗೂ ತಿರುಗಿ ಬಂತು, ಕಂಪ್ಯೂಟರು ಕಪ್ಪಗೆ ಕೂತೇ ಇತ್ತು. ಪಿಳ್ಳಣ್ಣ ಸ್ವಿಚ್ಚು ಆರಿಸಿ, ಹಿಂದಿನ ತಂತಿಗಳನ್ನೆಲ್ಲ ಕಿತ್ತು, ಊದಿ, ಒರೆಸಿ, ಮತ್ತೆ ಸಿಕ್ಕಿಸಿದ. ಬಲಗಡೆ ಎರಡು ತಟ್ಟಿದ, ಎಡಗಡೆ ಒಂದು ಗುದ್ದಿದ. ಮುಂದುಗಡೆ ಎಲ್ಲ ಸವರಿ ನೋಡಿ ತೀರ್ಪು ಕೊಟ್ಟ. "ಟೀವಿ ಆದ್ರೆ ಬ್ರೈಟ್‌ನೆಸ್ಸು, ವಾಲ್ಯೂಮು ಅಂತ ಮುಂದೇನೆ ನಾಬ್ ಇರ್ತವೆ. ಇದ್ರಲ್ಲಿ ಒಂದ್ ನಾಬೂ ಇಲ್ಲ. ಅದಕ್ಕೇ ಆ ಆಫೀಸಿನೋರು ಮಾರಿರೋದು."

ಗೋಪಾಲಪ್ಪ ಮತ್ತೆ ಸ್ವಿಚ್ಚು ಹಾಕಿದ. ಗುಂಯ್, ಕಟಕಟ, ಹಸಿರು ದೀಪ, ಕಪ್ಪು. ಗಂಟೆ ಹತ್ತಾಗಿತ್ತು.

ದಿವ್ಯ ಕಾಫಿ ತಟ್ಟೆ ಹಿಡಿದುಕೊಂಡು ಬಂದವಳು ಮಾಮನ ಹತ್ತಿರ ಬಗ್ಗಿದಳು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು.

"ಮಾಮ, ಕೆಟ್ಟೋಗಿದೆ ಅಂತ ಹೇಳ್ಬಿಡು ಮಾಮ. ಅವ್ರು ಬೇರೆ ಎಲ್ಲಾದ್ರೂ ತೋರಿಸ್ಕೊಳ್ಳಿ."

"ಹೊರಗೆ ಬೋರ್ಡಲ್ಲಿ ಏನು ಬರ್ಸಿದೀನಿ ನೋಡಿದೀಯಾ?" ಎಂದು ಅವನು ಹಲ್ಲು ಕಚ್ಚಿಕೊಂಡು ಹೇಳಿದ. "ಇಡೀ ಊರು ಕಿಟಕೀಲಿ ನಿಂತೈತೆ. ನೀನು ಸುಮ್ನಿರು, ನಾನಿಲ್ವಾ?"

ನಿಜ ಹೇಳಬೇಕೆಂದರೆ ಆಗ ನನಗೆ ಅವನ ಮೇಲೆ ಸಿಟ್ಟು ಬಂತು. ಅವನೋ, ಎದ್ದು ನಿಂತು ಭಾಷಣ ಶುರು ಮಾಡಿದ.

"ಎಲ್ಲಾರೂ ಕೇಳ್ರಪ್ಪಾ. ಈ ತೆರೆ ಇರೋದು ಸುಮ್ನೆ ನಮ್ಮಂಥೋರಿಗೆ. ಲೆಕ್ಕ ನಡೆಯೋದು ಕೆಳಗಿನ ಪೆಟ್ಟಿಗೇಲಿ. ನಾನು ಕಣ್ಣು ಮುಚ್ಕೊಂಡೇ ಕೇಳ್ತೀನಿ, ಅದು ಉತ್ತರ ಕೊಡುತ್ತೆ."

ಕೊಟ್ಟ ಮಾತಿನಂತೆ ಕಣ್ಣು ಮುಚ್ಚಿಕೊಂಡ. ಬೆರಳುಗಳು ಮಗ್ಗಿ ಒಪ್ಪಿಸಿದವು. ಹುಡುಗನ ತಾರೀಕು, ಗಳಿಗೆ, ಹುಟ್ಟಿದ ಊರು. ಹುಡುಗಿಯ ತಾರೀಕು, ಗಳಿಗೆ, ಊರು. ಕೊನೆಗೆ ದೊಡ್ಡ ಗುಂಡಿ. ಕೈ ಕಟ್ಟಿಕೊಂಡು ಕೂತ. ಒಳಗೆ ಕಟಕಟ ಎಂದು ಸದ್ದಾಗಿ, ಪೆಟ್ಟಿಗೆ ಒಂದು ಸಲ ಕೀಕ್ ಎಂದಿತು.

"ಹೇಳ್ತು!" ಎಂದ ಗೋಪಾಲಪ್ಪ.

"ಏನು ಹೇಳ್ತು?" ಎಂದಳು ಅಜ್ಜಿ.

ಗೋಪಾಲಪ್ಪ ಕಪ್ಪು ತೆರೆ ನೋಡಿದ, ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ. ನಾನು ನನ್ನ ಗವಸಿನ ಜರಿ ನೋಡಿದೆ.

"ಹಲ್ಲಿ ಲೊಚ್ ಅಂದಂಗಾಯ್ತು" ಎಂದಳು ಅಜ್ಜಿ ನಿಧಾನವಾಗಿ. "ಯಾವ ದಿಕ್ಕಿಂದ ಅಂದೈತೆ ನೋಡಿದ್ಯೇನೋ? ನೈರುತ್ಯ. ಇರ್ಲಿ, ಅದನ್ನ ಬಿಡು. ನಾನು ಒಂದು ಮಾತು ಕೇಳ್ತೀನಿ, ನೆಟ್ಟಗೆ ಹೇಳಪ್ಪಾ. ನಿನ್ನ ಮಿಷನ್ನು ಕೆಟ್ಟಿಲ್ಲ?"

"ಇಲ್ಲ ಅಜ್ಜಿ."

"ಯಾವತ್ತೂ ಕೆಡಲ್ಲ?"

"ಕೆಡಲ್ಲ!"

"ನಿನ್ನೆ ಬೇರೆಯೋರ ಜಾತಕ ಕೇಳ್ದಾಗ ಮಖ ತೋರಿಸ್ತಾ?"

"ಥಳಥಳ ಅಂತ ತೋರಿಸ್ತು!"

"ಹಂಗಾದ್ರೆ ಇವರಿಬ್ಬರ ಜಾತಕಕ್ಕೆ ಮಾತ್ರ ಮಖ ತೋರಿಸ್ತಿಲ್ಲ. ಅಂದ್ರೆ ಮಿಷನ್ ನೆಟ್ಟಗೈತೆ, ಕೆಟ್ಟಿರೋದು ಜಾತಕ. ಲೇ ಮುನಿಶಾಮಿ, ಇಳಿಯೋ ಮಾಳಿಗೆಯಿಂದ! ಹೊರಡಾನ."

ಗೋಪಾಲಪ್ಪನನ್ನು ಆ ಮಾತು ಹಿಡಿದಷ್ಟು ಬಿಗಿಯಾಗಿ ನಾನು ಹೊಲಿದ ಯಾವ ಅಂಗಿಯೂ ಯಾರನ್ನೂ ಹಿಡಿದಿಲ್ಲ. ನವೀನ್‌ಕುಮಾರ್ ಮಾತ್ರ ಮೊದಲ ಸಲ ಬಾಯಿಬಿಟ್ಟು, "ಅಜ್ಜಿ, ನಂಗೆ ಈ ಜಾತಕ ಎಲ್ಲ ಬೇಡ" ಎಂದ. "ನೀನು ದನ ನೋಡೋನು, ಸುಮ್ಕಿರು" ಎಂದಳು ಅಜ್ಜಿ. ಅಮ್ಮಯಮ್ಮ ಓಡಿ ಬಂದು ಅಜ್ಜಿಯ ಕೈ ಹಿಡಿದುಕೊಂಡಳು. "ಹೊರಟೋರು ಹಂಗೇ ಹೋಗ್ಬೇಡಿ ಅವ್ವಾ, ಶುಕ್ರವಾರ, ಒಳ್ಳೇ ದಿನ. ಒಂದು ತುತ್ತು ಉಪ್ಪಿಟ್ಟು ತಿಂದು ಹೋಗಿ." ಉಪ್ಪಿಟ್ಟನ್ನು ಬೇಡ ಎನ್ನುವಷ್ಟು ಕೋಪ ಅಜ್ಜಿಗೆ ಇನ್ನೂ ಬಂದಿರಲಿಲ್ಲ. ಎಲ್ಲರೂ ಒಳಗೆ ಹೋದರು. ಕಿಟಕಿಯ ಜನ ಉಪ್ಪಿಟ್ಟಿನ ವಾಸನೆ ಹಿಡಿದು ಹಿತ್ತಲ ಕಡೆ ಹೋದರು.

ಕೋಣೆಯಲ್ಲಿ ನಾವಿಬ್ಬರೇ. ಒಳಗಿನಿಂದ ದಿವ್ಯ ಮೂಗೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಗೋಪಾಲಪ್ಪ ಕುರ್ಚಿಯಲ್ಲಿ ಕೂತ, ನೀರಿನಲ್ಲಿ ನೆನೆಸಿದ ಕಾಲರಿನ ಕ್ಯಾನ್ವಾಸಿನ ಹಾಗೆ ಮೆತ್ತಗಾಗಿ.

"ಪಾಪಣ್ಣ, ನಾನೇ ಕೆಡಿಸ್ಬಿಟ್ಟೆ ಕಣೋ" ಎಂದ.

ನಾನು ನೆಲದ ಮೇಲಿದ್ದ ಗವಸು ಎತ್ತಿ ಮಡಿಸತೊಡಗಿದೆ. ಕೈಗೆ ತಗುಲಿದ್ದು ತೂತು. ಕೆಳಗಿನ ಎಲಾಸ್ಟಿಕ್ಕಿನ ಹತ್ತಿರ ಬೆರಳಗಲ ಹರಿದು ಒಂದು ಎಳೆ ಕಿತ್ತುಹೋಗಿತ್ತು. ನನ್ನ ಹೊಲಿಗೆ ಹಾಗೆ ಸುಮ್ಮನೆ ಹರಿಯುವುದಿಲ್ಲ. ಎಳೆ ಎಲ್ಲಿ ಹೋಯಿತು ಎಂದು ಕಂಪ್ಯೂಟರಿನ ಮುಂದೆ ಮೊಣಕಾಲೂರಿ, ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದೆ. ತೆರೆಯ ಕೆಳಗಂಚಿನ ಅಡಿಯಲ್ಲಿ, ನಿಂತವರಿಗೆ ಕಾಣದ ಜಾಗದಲ್ಲಿ, ಉಗುರಿನಷ್ಟು ಅಗಲದ ಒಂದು ಹಲ್ಲುಚಕ್ರ. ಅದರ ಹಲ್ಲಿಗೆ ನನ್ನ ಮೆರೂನ್ ಎಳೆ ಸುತ್ತಿಕೊಂಡಿತ್ತು.

"ಗೋಪಾಲಪ್ಪ, ಇದೇನು?"

ಅವನೂ ಮೊಣಕಾಲೂರಿದ. ಎಳೆ ಬಿಡಿಸಿ, ಚಕ್ರವನ್ನು ಬೆರಳಿನಿಂದ ತಿರುಗಿಸಿದ. ನಸುಗಪ್ಪು, ಬೂದಿ, ಆಮೇಲೆ ಬೆಳ್ಳಗೆ ಥಳಥಳ! ಕಂಪ್ಯೂಟರು ಬೆಳಗಿನಿಂದ ಸರಿಯಾಗಿಯೇ ಇತ್ತು. ಇಬ್ಬರು ಸೇರಿ ತೊಡಿಸಿ, ಗೋಡೆಗೆ ಕಾಲು ಕೊಟ್ಟು ಎಳೆದಾಗ ನನ್ನ ಎಲಾಸ್ಟಿಕ್ಕು ಅದರ ಬೆಳಕನ್ನು ಸೊನ್ನೆಗೆ ತಿರುಗಿಸಿತ್ತು. ಹೆಸರುವಾಸಿಯಾದ ನನ್ನ ಫಿಟ್ಟಿಂಗಿಗೆ ಆ ಕ್ಷಣ ನಾನು ಮನಸ್ಸಿನಲ್ಲೇ ಕೈಮುಗಿದೆ.

"ಬಂತು! ಬಂತು!" ಎಂದು ಕೂಗಲು ಗೋಪಾಲಪ್ಪ ಬಾಯಿ ತೆರೆದ. ಅವನ ಮರ್ಯಾದೆ, ಬೋರ್ಡು, ಪಿಳ್ಳಣ್ಣನ ಮುಖ ಕಪ್ಪಾಗುವ ಸಂತೋಷ, ಎಲ್ಲ ಆ ಬಾಯಿಯ ತುದಿಯಲ್ಲಿತ್ತು. ಆದರೆ ಅಷ್ಟರಲ್ಲಿ ಅವನ ಕಣ್ಣು ತೆರೆಯ ಮೇಲೆ ಹೋಯಿತು. ನಾನೂ ಓದಿದೆ. ಕಣ್ಣು ಮುಚ್ಚಿಕೊಂಡು ಅವನು ಕೇಳಿದ್ದಕ್ಕೆ ಕಂಪ್ಯೂಟರು ಆಗಲೇ ಉತ್ತರ ಕೊಟ್ಟು, ಕಾದು ಕೂತಿತ್ತು.

'ಒಟ್ಟು ಗುಣ 36. ಕೂಡಿದ್ದು 9. ವಿವಾಹಕ್ಕೆ ಯೋಗ್ಯವಲ್ಲ.'

ಹದಿನೆಂಟಾದರೂ ಕೂಡಬೇಕು ಎಂಬುದು ಬೀದಿಯ ಮಗುವಿಗೂ ಗೊತ್ತು. ಗೋಪಾಲಪ್ಪ ಇನ್ನೊಂದು ಸಲ ಓದಿದ. ಒಳಗೆ ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು, ಹೊಸಿಲ ಹತ್ತಿರ ಬಳೆ ಸದ್ದಾಯಿತು. ಅಜ್ಜಿ ತನ್ನ ಎಲೆಅಡಿಕೆ ಚೀಲ ಇನ್ನೊಂದು ಕುರ್ಚಿಯ ಮೇಲೆ ಬಿಟ್ಟಿದ್ದಳು, ಅದಕ್ಕೇ ಬರುತ್ತಿದ್ದಳು. ಗೋಪಾಲಪ್ಪನ ಬೆರಳು ಚಕ್ರದ ಮೇಲೇ ಇತ್ತು. ಒಂದು ಸಲ ನನ್ನ ಕಡೆ ನೋಡಿದ, ಮತ್ತೆ ತಿರುಗಿಸಿಬಿಟ್ಟ. ಬೂದಿ, ನಸುಗಪ್ಪು, ಕಪ್ಪು.

ಅಜ್ಜಿ ಚೀಲ ಎತ್ತಿಕೊಳ್ಳುತ್ತಿದ್ದ ಹಾಗೆ ಅವನು ಎದ್ದು ನಿಂತು, ಒಳಗೂ ಹಿತ್ತಲಿಗೂ ಕೇಳುವಂತೆ ಜೋರಾಗಿ ಹೇಳಿದ. "ಅಜ್ಜಿ, ಕೆಟ್ಟೋಗೈತೆ. ನನ್ನ ಕಂಪ್ಯೂಟರು ಕೆಟ್ಟೋಗೈತೆ. ಬೆಳಗ್ಗೆಯಿಂದ್ಲೂ ಕೆಟ್ಟೇ ಐತೆ. ನಾನು ಸುಳ್ಳು ಹೇಳ್ದೆ. ನಂಗೆ ಇದನ್ನ ರಿಪೇರಿ ಮಾಡೋಕೂ ಬರಲ್ಲ, ನೆಟ್ಟಗೆ ನಡೆಸೋಕೂ ಬರಲ್ಲ. ಮಕ್ಕಳ ಜಾತಕದಲ್ಲಿ ಏನೂ ದೋಷ ಇಲ್ಲ, ದೋಷ ಇರೋದು ನಂದು."

ಕಿಟಕಿ ಮತ್ತೆ ತುಂಬಿತು. ಪಿಳ್ಳಣ್ಣ, "ನಾನು ಅವಾಗ್ಲೇ ಹೇಳ್ಲಿಲ್ವಾ?" ಎಂದ. ಯಾರೋ ಕಿಸಕ್ಕೆಂದು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗೋಪಾಲಪ್ಪ ತಲೆ ಎತ್ತಿಕೊಂಡೇ ನಿಂತಿದ್ದ. ಅಷ್ಟು ಧೈರ್ಯವಾಗಿ ಅವನು ಹೇಳಿದ ಸುಳ್ಳು ಅದೊಂದೇ ಇರಬೇಕು. ನನಗೆ ಕಣ್ಣು ತುಂಬಿ ಬಂತು, ಗವಸಿನಿಂದ ಒರೆಸಿಕೊಂಡೆ.

ಅಜ್ಜಿ ಗೋಡೆಯ ಗಡಿಯಾರ ನೋಡಿದಳು. ಹತ್ತು ಇಪ್ಪತ್ತು. "ಇಷ್ಟು ಹೇಳೋಕೆ ಇಷ್ಟೊತ್ತಾ? ರಾಹುಕಾಲ ಬಂತು, ಈಗ ಜೋಯಿಸ್ರನ್ನ ಎಲ್ಲಿ ಹುಡುಕ್ಲಿ? ಹೆಸರುಬಲ ನಾನೇ ನೋಡ್ತೀನಿ. ಹುಡುಗಿ ಹೆಸರೇನು, ದಿವ್ಯ ಅಲ್ವಾ?" ಎಂದು ಕುರ್ಚಿಯಲ್ಲಿ ಕೂತು ಬೆರಳ ಗೆಣ್ಣು ಎಣಿಸಲು ಶುರು ಮಾಡಿದಳು. ಎಣಿಸಿ ಮುಗಿಸಿ ಹುಬ್ಬು ಗಂಟಿಕ್ಕಿದಳು. "ಊಹೂಂ, ಕಿರುಬೆರಳಿಂದ ಶುರು ಮಾಡ್ಬೇಕಿತ್ತು" ಎಂದು ಮತ್ತೆ ಎಣಿಸಿದಳು. ಮತ್ತೂ ಹುಬ್ಬು ಗಂಟು. "ಥೂ, ಎಡಗೈ ಅಲ್ಲ, ಬಲಗೈ" ಎಂದು ಕೈ ಬದಲಾಯಿಸಿದಳು. ಮೂರನೇ ಸಲ ಹೆಬ್ಬೆರಳಿಗೆ ಬಂದು ನಿಲ್ಲಿಸಿ, "ಹ್ಞೂಂ, ಕೂಡ್ತು. ತಾಂಬೂಲ ತನ್ರಮ್ಮಾ" ಎಂದಳು. ಹತ್ತು ಇಪ್ಪತ್ತೆಂಟಕ್ಕೆ ತಟ್ಟೆ ಬದಲಾಯಿತು. ದಿವ್ಯ ಓಡಿ ಬಂದು ಕಾಲಿಗೆ ಬಿದ್ದದ್ದು ಅಜ್ಜಿಗಲ್ಲ, ಮೊದಲು ಮಾಮನಿಗೆ.

ಮದುವೆ ಮಾಘದಲ್ಲಾಯಿತು. ಒಂಬತ್ತು ಗುಣದ ಆ ಜೋಡಿ ಹೇಗಿದೆ ಎಂದು ನೋಡಬೇಕಾದರೆ ದೇವನಹಳ್ಳಿಗೆ ಹೋಗಿ, ಇಬ್ಬರೂ ಸೇರಿ ಹಸುವಿಗೆ ಮೈ ತೊಳೆಯುವ ಹೊತ್ತಿಗೆ ಹೋಗಿ. ಗೋಪಾಲಪ್ಪ ಬೋರ್ಡು ಇಳಿಸಿ, ಅದೇ ಕೋಣೆಯಲ್ಲಿ ಹುಡುಗರಿಗೆ ಟೈಪಿಂಗ್ ಹೇಳಿಕೊಡಲು ಶುರು ಮಾಡಿದ. ಕಣ್ಣು ಮುಚ್ಚಿಕೊಂಡು ಹೊಡೆಯುವುದರಲ್ಲಿ ಅವನನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇಲ್ಲ.

ಆದರೆ ಆ ದಿನದ ವಿಷಯ ಪೂರ್ತಿ ಮುಗಿಯಲಿಲ್ಲ. ವ್ಯಾನು ಹತ್ತುವಾಗ ಅಜ್ಜಿ ಚಪ್ಪಲಿ ಹುಡುಕುವ ನೆಪ ಮಾಡಿಕೊಂಡು ನನ್ನನ್ನು ಹತ್ತಿರ ಕರೆದಳು. ಬಾಯಲ್ಲಿ ಎಲೆಅಡಿಕೆ ಇತ್ತು, ದನಿ ತಗ್ಗಿಸಿದಳು.

"ನಂಗೆ ಓದೋಕೆ ಬರಲ್ಲ ಕಣಪ್ಪಾ. ಆದ್ರೆ ಬೆಳಕು ಕಾಣ್ಸುತ್ತೆ. ನಿಮ್ಮಿಬ್ಬರ ಮಖದ ಮೇಲೆ ಬಿದ್ದಿದ್ದೂ ನೋಡ್ದೆ, ಅವನು ಆರಿಸಿದ್ದೂ ನೋಡ್ದೆ. ಅಲ್ಲೇನಿತ್ತು ಅಂತ ಹೇಳ್ಬೇಡ, ನಾನು ಕೇಳಲ್ಲ. ಹೆಣ್ಣಿಗೋಸ್ಕರ ಊರ ಮುಂದೆ ಮರ್ಯಾದೆ ಕಳ್ಕೊಳ್ಳೋ ಸೋದರಮಾವ ಇದ್ದಾನೆ, ನಮ್ಮ ಮನೆಗೆ ಅಷ್ಟು ಕೂಡಿದ್ರೆ ಸಾಕು."

ನಾನು ಗವಸು ಎದೆಗೆ ಅವಚಿಕೊಂಡು ನಿಂತುಬಿಟ್ಟೆ. ಅಜ್ಜಿ ಅದರ ವೆಲ್ವೆಟ್ಟು ಸವರಿ ನೋಡಿದಳು.

"ಬಟ್ಟೆ ಚೆನ್ನಾಗೈತೆ. ನಮ್ಮ ಮನೆ ಟೀವಿಗೂ ಒಂದು ಹೊಲ್ಕೊಡಪ್ಪಾ" ಎಂದು ವ್ಯಾನು ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಎಲಾಸ್ಟಿಕ್ಕು ಮಾತ್ರ ಒಂಚೂರು ಸಡಿಲವಾಗಿರ್ಲಿ."